ಕಬ್ಬಿಣಕೋಣ ಮತ್ತು ಕೆಳಮನೆ ಟೀಚರಮ್ಮನ ದೂರು

ಮನುಷ್ಯನಿಗೆ ಹೆಂಡತಿ ಕೈಕೊಟ್ಟರೆ ಸಮಾಧಾನ ಹೇಳಲು ಹತ್ತು ಜನ ಬರುತ್ತಾರೆ. ಕೆಲಸ ಹೋದರೆ ಇಬ್ಬರಾದರೂ ಬಂದು ‘ಛೆ’ ಅನ್ನುತ್ತಾರೆ. ಇಪ್ಪತ್ತಾರು ವರ್ಷ ನಂಬಿಕೊಂಡಿದ್ದ ಹೆವಿ ಮೆಟಲ್ ತಂಡ ಕೈಕೊಟ್ಟರೆ ಮಾತ್ರ ಒಂದು ನರಪಿಳ್ಳೆಯೂ ತಿರುಗಿ ನೋಡುವುದಿಲ್ಲ. ನಮ್ಮ ಗದ್ದಲಪ್ಪನಿಗೆ ಆದದ್ದು ಇದೇ.

ಗದ್ದಲಪ್ಪ ಅನ್ನುವುದು ಅವನ ಹೆಸರಲ್ಲ. ಅವನಿದ್ದ ಮೂರಂತಸ್ತಿನ ಕಟ್ಟಡದವರು ಎಲ್ಲ ಸೇರಿ ಕೊಟ್ಟ ಬಿರುದು. ಹಗಲೆಲ್ಲ ಅವನಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಗಿರಾಕಿಯ ಮೂಗಿನ ಮುಂದೆ ಒಂದೊಂದೇ ಗಾಜು ಹಿಡಿದು “ಇದು ಸ್ಪಷ್ಟವಾ? ಇದಾ?” ಎಂದು ಮಗು ಮಲಗಿಸುವ ದನಿಯಲ್ಲಿ ಕೇಳುವುದು. ದಿನಕ್ಕೆ ನಾನೂರು ಸಲ ಹೀಗೆ ಕೇಳಿದವನಿಗೆ ಸಂಜೆ ಹೊತ್ತು ಏನಾದರೊಂದು ಬೇಕಲ್ಲ? ಕೆಲವರು ಕುಡಿಯುತ್ತಾರೆ. ಇವನು ಆರೂವರೆಗೆ ಸರಿಯಾಗಿ ಹೆಂಡತಿಯ ಭುಜದೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳ ನಡುವೆ ಕುಳಿತು, ‘ಕಬ್ಬಿಣಕೋಣ’ ತಂಡದ ಹಾಡು ಹಾಕುತ್ತಿದ್ದ. ಏಳೂವರೆಗೆ ನಿಲ್ಲಿಸಿ, ಮತ್ತೆ ಮಗು ಮಲಗಿಸುವ ದನಿಯಲ್ಲಿ “ಊಟಕ್ಕೆ ಹಾಕ್ತೀಯಾ?” ಎಂದು ಕೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಅತ್ತಿದ್ದಳು. ಈಗ ಆ ಒಂದು ಗಂಟೆ ಟೆರೇಸಿಗೆ ಹೋಗಿ ಬಟ್ಟೆ ಮಡಚುತ್ತಿದ್ದಳು.

ಕಟ್ಟಡವೂ ಒಗ್ಗಿಹೋಗಿತ್ತು. ಎರಡನೇ ಹಾಡು ಮುಗಿದರೆ ಟ್ಯಾಂಕು ತುಂಬಿತೆಂದು ಸಂಘದ ಅಧ್ಯಕ್ಷರು ಪಂಪು ನಿಲ್ಲಿಸುತ್ತಿದ್ದರು. ಒಗ್ಗದವರು ಒಬ್ಬರೇ, ಇವನ ನೆಲವನ್ನೇ ಸೂರಾಗಿ ಪಡೆದಿದ್ದ ಕೆಳಮನೆ ಟೀಚರಮ್ಮ. ಮೂವತ್ತನಾಲ್ಕು ವರ್ಷ ಪಾಠ ಹೇಳಿ ಹೆಡ್‌ಮಿಸ್ಸಾಗಿ ನಿವೃತ್ತರಾದವರು. ಸುಳ್ಳು ಹೇಳಿದ ಮಕ್ಕಳಿಂದ ‘ನಾನು ಇನ್ನು ಸುಳ್ಳು ಹೇಳುವುದಿಲ್ಲ’ ಎಂದು ನೂರು ಸಲ ಬರೆಸಿದವರು. ಹಾಡು ಶುರುವಾದರೆ ಪೊರಕೆ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದರು. ಕುಟ್ಟಿ ಕುಟ್ಟಿ ಸೂರಿನ ಗಾರೆ ಉದುರಿತೇ ಹೊರತು ಹಾಡು ನಿಲ್ಲಲಿಲ್ಲ. ಹನ್ನೊಂದು ವರ್ಷದ ಹಿಂದೆ ಶಬ್ದ ನಿಯಂತ್ರಣ ಕಚೇರಿಗೆ ದೂರು ಬರೆದರು. ಅವರ ಕನ್ನಡಕ ಮಾಡಿಕೊಡುತ್ತಿದ್ದವನು ಗದ್ದಲಪ್ಪನೇ. ಅಂದರೆ ಅವನ ಮೇಲಿನ ದೂರನ್ನು ಅವನೇ ಕೂರಿಸಿಕೊಟ್ಟ ಗಾಜಿನಲ್ಲಿ ನೋಡಿ ಬರೆದರು. ಇಬ್ಬರೂ ಅಂಗಡಿಯಲ್ಲಿ ಆ ವಿಷಯ ಎತ್ತುತ್ತಿರಲಿಲ್ಲ. ಅಂಗಡಿ ಬೇರೆ, ಮನೆ ಬೇರೆ.

ಹೀಗಿರುವಾಗ ಕಬ್ಬಿಣಕೋಣ ಆರು ವರ್ಷದ ಮೇಲೆ ಮತ್ತೆ ವೇದಿಕೆ ಹತ್ತುತ್ತದೆಂಬ ಸುದ್ದಿ ಬಂತು. ಗದ್ದಲಪ್ಪ ಎರಡು ದಿನ ರಜೆ ಹಾಕಿ, ಹೊಟ್ಟೆಗೆ ಬಿಗಿಯಾಗುತ್ತಿದ್ದ ಹಳೇ ಕಪ್ಪು ಬನಿಯನ್ನು ತೊಟ್ಟು, ಒಂಬತ್ತು ಗಂಟೆ ಬಸ್ಸಿನಲ್ಲಿ ಕುಳಿತು ಹೋದ. ಬನಿಯನ್ನಿನ ಎದೆಯ ಮೇಲೆ ತಂಡದ ಘೋಷವಾಕ್ಯ: ‘ಸತ್ತ ಮೇಲೆ ಮಲಗೋಣ’. ಆ ಮೂರು ಪದ ಅವನ ಪಾಲಿಗೆ ವೇದ. ಬಾಮೈದ ಮನೆಗೆ ಬಂದಾಗಲೆಲ್ಲ, “ಲೋಕದಲ್ಲಿ ಎಲ್ಲರೂ ಬಾಗ್ತಾರೆ ಕಣಯ್ಯಾ. ಈ ಐದು ಜನ ಬಾಗಲ್ಲ” ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿದ್ದ.

ಅಲ್ಲಿ ಹೋಗಿ ನೋಡಿದರೆ ಮೈದಾನದ ತುಂಬ ದಿಂಬು ಕಟ್ಟಿದ ಕುರ್ಚಿ. ಸಂಜೆ ನಾಲ್ಕಕ್ಕೇ ಕಾರ್ಯಕ್ರಮ, ಯಾಕೆಂದರೆ ಹಾಡುವವನು ಎಂಟಕ್ಕೆ ಮಲಗಬೇಕಂತೆ. ಅಭಿಮಾನಿಗಳೆಲ್ಲ ದೊಡ್ಡಗಂಟಲು ಎಂದು ಕರೆಯುತ್ತಿದ್ದ ಆ ಮಹಾನುಭಾವ ಕುತ್ತಿಗೆಗೆ ಉಣ್ಣೆ ಪಟ್ಟಿ ಸುತ್ತಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದ. ಗದ್ದಲಪ್ಪ ಎದ್ದು ನಿಂತು ಕೂಗಿದ. ದೊಡ್ಡಗಂಟಲು ಮೈಕಿನಲ್ಲಿ, “ಕೂತ್ಕೊಳ್ಳಿ, ಹಿಂದಿನವರಿಗೆ ಕಾಣಲ್ಲ” ಅಂದ. ಹಾಡನ್ನು ಚೀಟಿ ನೋಡಿಕೊಂಡು ಹಾಡಿದ. ಬೆನ್ನ ಹಿಂದೆ, ಬೆಂಕಿ ಕಾರುವ ಕೋಣದ ಚಿತ್ರವಿರಬೇಕಾದ ಕಡೆ, ಒಂದು ಹಾಸಿಗೆಯ ಚಿತ್ರ. ಹಾಸಿಗೆಯ ಮೇಲೆ ದೊಡ್ಡಗಂಟಲೇ ಕೆನ್ನೆಗೆ ಕೈಕೊಟ್ಟು ಮಲಗಿದ್ದ. ಕೆಳಗೆ ಹಾಸಿಗೆ ಕಂಪನಿಯ ಹೆಸರಿನ ಜೊತೆ ಬರೆದಿತ್ತು: ‘ಈಗಲೇ ಮಲಗೋಣ’.

ಕಾರ್ಯಕ್ರಮ ಮುಗಿದ ಮೇಲೆ ಒಂದೂವರೆ ಗಂಟೆ ಸಾಲಿನಲ್ಲಿ ನಿಂತು ಗದ್ದಲಪ್ಪ ಅವನ ಮುಂದೆ ಹೋದ.

“ಅಣ್ಣಾ, ಸತ್ತ ಮೇಲೆ ಮಲಗೋಣ ಅಂದಿದ್ರಲ್ಲ?”

“ಅಯ್ಯೋ, ಆಗ ಬೆನ್ನುನೋವು ಇರ್ಲಿಲ್ಲ ಕಣಯ್ಯಾ,” ಎಂದ ದೊಡ್ಡಗಂಟಲು, ಸಹಿ ಹಾಕುತ್ತ. “ನೀನು ಮಲಗೋ ಹಾಸಿಗೆ ಯಾವ್ದು? ಹತ್ತಿನಾ? ಬಿಟ್ಟುಬಿಡು. ಬೆನ್ನು ಹಾಳಾಗುತ್ತೆ.”

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆ ಗದ್ದಲಪ್ಪನಿಗೆ ಗೊತ್ತಿತ್ತು. ಅದು ಬೇರೆಯವರಿಗೆ ಅಂದುಕೊಂಡಿದ್ದ. ಒಂಬತ್ತು ಗಂಟೆ ಬಸ್ಸಿನಲ್ಲಿ ವಾಪಸು ಬರುವಾಗ ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಬರೀ ಸುಸ್ತು.

ಮರುದಿನ ಬೆಳಗ್ಗೆ ಹಳೇ ಸಾಮಾನಿನ ಗಾಡಿಯವನು ಬಂದ. ಸ್ಪೀಕರು, ಕ್ಯಾಸೆಟ್ಟು, ಸಿ.ಡಿ., ಬನಿಯನ್ನು ಎಲ್ಲ ಗಾಡಿ ಹತ್ತಿದವು. ಬದಲಿಗೆ ಎರಡು ದಪ್ಪ ತಗಡಿನ ಟಬ್ಬು ಬಂದವು. “ಅಂತೂ ಆ ಪೆಟ್ಟಿಗೆಗಳಿಂದ ಒಂದು ಉಪಯೋಗ ಆಯ್ತು,” ಎಂದು ಹೆಂಡತಿ ಅವತ್ತೇ ಬಟ್ಟೆ ನೆನೆಹಾಕಿದಳು. ಗದ್ದಲಪ್ಪ ಸಂಜೆ ಆರೂವರೆಗೆ ಸ್ಪೀಕರಿದ್ದ ಜಾಗದಲ್ಲಿ ಕುಳಿತು ಗೋಡೆ ನೋಡಿದ. ಏಳೂವರೆಗೆ ಎದ್ದು ಊಟ ಮಾಡಿದ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸದ್ದಿಗೆ ಒಗ್ಗಿದ ಜನ ಮೌನವನ್ನು ಸಹಿಸಲಾರರು. ಮೊದಲ ದಿನ ಎರಡನೇ ಹಾಡು ಮುಗಿಯಲಿ ಎಂದು ಕಾಯುತ್ತ ಕುಳಿತ ಅಧ್ಯಕ್ಷರಿಗೆ ಟ್ಯಾಂಕು ಉಕ್ಕಿ ಮೆಟ್ಟಿಲ ಮೇಲೆ ನೀರು ಇಳಿದಾಗಲೇ ಎಚ್ಚರವಾದದ್ದು. ಎರಡನೇ ದಿನ ಅವರು ಮೇಲೆ ಬಂದರು.

“ಏನ್ರೀ, ಮೈ ಹುಷಾರಿಲ್ವಾ?”

“ಹುಷಾರಾಗಿದೀನಿ ಸಾರ್.”

“ಮನೇಲಿ ಏನಾದ್ರೂ...?”

“ಏನೂ ಇಲ್ಲ ಸಾರ್. ಬೇಜಾರಾಯ್ತು, ಬಿಟ್ಟೆ.”

ಅಧ್ಯಕ್ಷರು ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಕಣ್ಣು ಮಿಟುಕಿಸಿದರು. “ಗೊತ್ತಾಯ್ತು ಬಿಡಿ,” ಎಂದು ಭುಜ ತಟ್ಟಿ ಹೋದರು. ಏನು ಗೊತ್ತಾಯಿತೆಂದು ಗದ್ದಲಪ್ಪನಿಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಮೂರನೇ ದಿನ, ಬಾಮೈದ ಬಂದಾಗ. ಬಂದವನೇ ಚಪ್ಪಲಿ ಬಿಡುವ ಮೊದಲೇ ಕೈ ಮುಗಿದ.

“ಭಾವಾ, ನಿಮ್ಮನ್ನ ಪೆದ್ದ ಅಂದ್ಕೊಂಡಿದ್ದೆ. ಕ್ಷಮಿಸ್ಬಿಡಿ. ಏನು ತಲೆ, ಏನು ತಲೆ!”

“ಏನಯ್ಯಾ ಅದು?”

“ಹದಿನಾಲ್ಕನೇ ತಾರೀಕು ಶಬ್ದದ ಆಫೀಸರು ಅಳತೆಗೆ ಬರ್ತಾರೆ ಅಂತ, ಆ ಹಳೇ ದೂರಿಗೆ ಈಗ ಟೀಚರಮ್ಮಂಗೆ ಕಾಗದ ಬಂದಿದೆ. ನೀವು ಎಂಟನೇ ತಾರೀಕಿಗೇ ನಿಲ್ಸಿದೀರಿ. ಆಫೀಸರು ಬರ್ತಾರೆ, ಸದ್ದಿಲ್ಲ, ದೂರು ಸುಳ್ಳು ಅಂತ ಬರೀತಾರೆ. ಸುಳ್ಳು ದೂರು ಕೊಟ್ಟೋರು ‘ನಾನು ಹೇಳಿದ್ದು ಸುಳ್ಳು’ ಅಂತ ಸ್ವಂತ ಅಕ್ಷರದಲ್ಲಿ ಬರ್ದು ಕೊಡ್ಬೇಕಂತೆ. ಅದನ್ನ ಆಫೀಸಿನ ಬೋರ್ಡಿಗೆ ಒಂದು ತಿಂಗಳು ಅಂಟಿಸ್ತಾರಂತೆ! ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಕಟ್ಟಡವೆಲ್ಲ ನಿಮ್ಮ ಮಾತೇ ಆಡ್ತಿದೆ.”

“ನನಗೆ ಯಾವ ಕಾಗದವೂ ಬಂದಿಲ್ಲ ಕಣಯ್ಯಾ! ನಾನು ನಿಲ್ಸಿದ್ದು ಅವರು ಹಾಸಿಗೆ ಮಾರೋಕೆ ಹೊರಟ್ರು ಅಂತ.”

ಬಾಮೈದ ಅಕ್ಕನ ಮುಖ ನೋಡಿದ. ಅಕ್ಕ ಗಂಡನ ಮುಖ ನೋಡಿದಳು.

“ರೀ, ನನ್ನ ಹತ್ರನಾದ್ರೂ ನಿಜ ಹೇಳಿ,” ಎಂದಳು. “ಹಾಸಿಗೆಗೋಸ್ಕರ ಯಾರಾದ್ರೂ ಸ್ಪೀಕರ್ ಕೊಡ್ತಾರಾ?”

ನಿಜ ಹೇಳಿದವನನ್ನು ನಂಬದ ಲೋಕದಲ್ಲಿ ಇನ್ನೇನು ಹೇಳುವುದು? ಗದ್ದಲಪ್ಪ ಸುಮ್ಮನಾದ. ಸುಮ್ಮನಾದದ್ದನ್ನು ನೋಡಿ ಬಾಮೈದ, “ನೋಡಿದ್ಯಾ ಅಕ್ಕಾ, ಒಪ್ಕೊಂಡ್ರು” ಅಂದ.

ಹದಿಮೂರನೇ ತಾರೀಕು ಟೀಚರಮ್ಮ ಅಂಗಡಿಗೆ ಬಂದರು. ಕನ್ನಡಕದ ಕಡ್ಡಿಯ ಸ್ಕ್ರೂ ಸಡಿಲವಾಗಿತ್ತು. ಗದ್ದಲಪ್ಪ ಬಿಗಿ ಮಾಡಿ, ಗಾಜು ಒರೆಸಿ, ಅವರ ಮೂಗಿಗೇರಿಸಿದ.

“ಸ್ಪಷ್ಟವಾ ಮೇಡಮ್?”

“ಗಾಜೂ ಸ್ಪಷ್ಟ, ನಿನ್ನ ಬುದ್ಧೀನೂ ಸ್ಪಷ್ಟ,” ಎಂದರು ಟೀಚರಮ್ಮ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಂಗಡಿಯೊಳಗೆ ಮನೆ ವಿಷಯ ಬಂತು. “ಗದ್ದಲ ಮಾಡ್ತೀಯಾ, ಆದ್ರೆ ಮೋಸಗಾರ ಅಲ್ಲ ಅಂದ್ಕೊಂಡಿದ್ದೆ ಕಣಪ್ಪಾ.”

“ಮೇಡಮ್, ನಾನು ಬೇಕಂತ ನಿಲ್ಸಿದ್ದಲ್ಲ. ಆ ತಂಡದವರು ಹಾಸಿಗೆ ಜಾಹೀರಾತು...”

“ಮೂವತ್ತನಾಲ್ಕು ವರ್ಷ ನೆಪ ಕೇಳಿದೀನಿ. ನಾಯಿ ಪುಸ್ತಕ ತಿಂತು, ಅಜ್ಜಿ ನಾಲ್ಕನೇ ಸಲ ಸತ್ರು, ಎಲ್ಲ ಕೇಳಿದೀನಿ. ಹಾಸಿಗೆ ಇದೇ ಮೊದಲು.” ಅವರು ಎದ್ದರು. ಬಾಗಿಲಲ್ಲಿ ನಿಂತು, ತಿರುಗದೆ, ಸಣ್ಣ ದನಿಯಲ್ಲಿ ಹೇಳಿದರು: “ಆ ಕಚೇರಿಯ ಮೇಜಿನ ಹಿಂದೆ ಕೂತಿರೋ ಅರ್ಧ ಜನ ನನ್ನ ವಿದ್ಯಾರ್ಥಿಗಳು. ಅವರ ಕಣ್ಣೆದುರಿಗೇ ಬೋರ್ಡಿನ ಮೇಲೆ ನನ್ನ ಅಕ್ಷರ ಇರುತ್ತೆ. ನಾನು ಹೇಳಿದ್ದು ಸುಳ್ಳು ಅಂತ.”

ಗದ್ದಲಪ್ಪನಿಗೆ ಆ ದಿನ ಒಂದು ಗಾಜೂ ಸರಿಯಾಗಿ ಕೂರಲಿಲ್ಲ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ. ತಾನು ಹನ್ನೊಂದು ವರ್ಷವಲ್ಲ, ಅದಕ್ಕೂ ಮೊದಲಿನಿಂದ ಅವರ ತಲೆಯ ಮೇಲೆ ಕೋಣ ಕುಣಿಸಿದ್ದು ಸತ್ಯ. ಮರ್ಯಾದೆ ಉಳಿಯಬೇಕಾದರೆ ನಾಳೆ ಕೋಣ ಇನ್ನೊಂದು ಸಲ ಕುಣಿಯಬೇಕು. ಊಟದ ಬಿಡುವಿನಲ್ಲಿ ಗಾಡಿಯವನನ್ನು ಹುಡುಕಿಕೊಂಡು ಹೋದ. ಸ್ಪೀಕರಿನ ತಾಮ್ರ ಒಂದು ಕಡೆ, ಮರ ಒಂದು ಕಡೆ, ಕ್ಯಾಸೆಟ್ಟು ಕರಗಿ ಯಾವುದೋ ಕುರ್ಚಿಯ ಕಾಲಾಗಿ ಹೋಗಿದ್ದವು. ಬನಿಯನ್ನನ್ನು ಮಾತ್ರ ಗಾಡಿಯವನು ತಾನೇ ತೊಟ್ಟುಕೊಂಡಿದ್ದ.

ಹದಿನಾಲ್ಕರ ಸಂಜೆ ಆರು ಇಪ್ಪತ್ತಕ್ಕೆ ಶಬ್ದದ ಸಾಹೇಬರು ಬಂದರು. ಒಂದು ಕೈಯಲ್ಲಿ ಅಳತೆ ಯಂತ್ರ, ಇನ್ನೊಂದರಲ್ಲಿ ಹನ್ನೊಂದು ವರ್ಷದ ಕಡತ. ನಿವೃತ್ತಿಗೆ ನಾಲ್ಕು ತಿಂಗಳಿದ್ದ, ಹತ್ತಿಪ್ಪತ್ತು ಸಾವಿರ ಸದ್ದು ಅಳೆದು ದಣಿದ ಮನುಷ್ಯ. ಅಧ್ಯಕ್ಷರು, ಬಾಮೈದ, ಹೆಂಡತಿ ಎಲ್ಲ ಗೋಡೆಗೆ ಒರಗಿ ನಿಂತರು. ಟೀಚರಮ್ಮ ಬಂದು ಬಾಗಿಲ ಬಳಿ, ಶಾಲೆಯಲ್ಲಿ ತಪಾಸಣೆಗೆ ಬಂದಾಗ ನಿಲ್ಲುತ್ತಿದ್ದ ಹಾಗೆ, ಸೆರಗು ಹೊದ್ದು ನೆಟ್ಟಗೆ ನಿಂತರು.

“ಸದ್ದು ಮಾಡಿ ಸ್ವಾಮಿ,” ಎಂದರು ಸಾಹೇಬರು, ಕುರ್ಚಿಯಲ್ಲಿ ಕುಸಿಯುತ್ತ. “ಮಿತಿ ಐವತ್ತೈದು ಡೆಸಿಬೆಲ್. ದಾಟಿದ್ರೆ ದೂರು ನಿಜ. ದಾಟ್ಲಿಲ್ಲ, ದೂರು ಸುಳ್ಳು.”

ಗದ್ದಲಪ್ಪ ಫೋನು ತೆಗೆದು ಹಾಡು ಹುಡುಕಿದ. ಒತ್ತಿದ. ದೊಡ್ಡಗಂಟಲಿನ ಬಾಯಿಂದ ಜೇನು ಸುರಿಯಿತು: “ಮಲಗಿ, ಸುಖವಾಗಿ ಮಲಗಿ... ಬೆನ್ನಿಗೆ ಬೇಕು ಮೆತ್ತನೆ ಆಸರೆ...”

“ಮೂವತ್ತೆಂಟು,” ಎಂದರು ಸಾಹೇಬರು. “ಚೆನ್ನಾಗಿದೆ. ಇದಕ್ಕೇನಮ್ಮಾ ದೂರು?”

“ಇದಲ್ಲ ಸಾರ್, ಇದು ಜಾಹೀರಾತು!” ಗದ್ದಲಪ್ಪ ಮತ್ತೆ ಮತ್ತೆ ಒತ್ತಿದ. ಹಳೇ ಹಾಡುಗಳನ್ನೆಲ್ಲ ತಂಡವೇ ತೆಗೆಸಿಹಾಕಿತ್ತು. ಹಾಸಿಗೆ ಕಂಪನಿಯವರಿಗೆ ಹಿಡಿಸಲಿಲ್ಲವಂತೆ. ಎಲ್ಲಿ ಒತ್ತಿದರೂ ಮಲಗಿ, ಸುಖವಾಗಿ ಮಲಗಿ. ಮೂರನೇ ಸಲಕ್ಕೆ ಸಾಹೇಬರ ಕಣ್ಣು ನಿಜಕ್ಕೂ ಎಳೆಯತೊಡಗಿತು.

“ನೋಡಿದ್ರಾ ನಾಟಕ!” ಎಂದು ಬಾಮೈದ ಅಧ್ಯಕ್ಷರ ಕಿವಿಯಲ್ಲಿ ಉಸುರಿದ. “ಭಾವ ಅಂದ್ರೆ ಭಾವ.”

“ಸಾರ್, ನಾನೇ ಒಪ್ಕೋತೀನಲ್ಲ!” ಗದ್ದಲಪ್ಪ ಕೂಗಿದ. “ದಿನಾ ಗದ್ದಲ ಮಾಡಿದೀನಿ. ಬರ್ಕೊಳ್ಳಿ!”

“ಒಪ್ಪಿಗೆಗೆ ನಮ್ಮಲ್ಲಿ ಕಾಲಂ ಇಲ್ಲ ಸ್ವಾಮಿ. ಅಳತೆಗೆ ಮಾತ್ರ ಇದೆ.”

“ಹಾಗಾದ್ರೆ ಸುಮ್ನೆ ಕೂಗ್ತೀನಿ!”

“ಯಾವುದೋ ಸದ್ದಾದ್ರೆ ಆಗಲ್ಲ. ದೂರಿನಲ್ಲಿ ಇರೋ ಸದ್ದೇ ಆಗ್ಬೇಕು. ಒಂದೊಂದೂ ತಾಳೆ ನೋಡಿ ಟಿಕ್ ಹಾಕ್ಬೇಕು.” ಸಾಹೇಬರು ಕಡತ ಬಿಚ್ಚಿ, ಕನ್ನಡಕ ಏರಿಸಿ, ಆಕಳಿಸುತ್ತ ಓದತೊಡಗಿದರು.

“‘ಒಂದು. ಸಂಜೆ ಆರೂವರೆಗೆ, ದೂರದಲ್ಲಿ ಯಾರೋ ಭಾರದ ಕಬ್ಬಿಣದ ಬಾಗಿಲು ಎಳೆದ ಹಾಗೆ, ಒಂದೇ ಗಿಟಾರು ಶುರುವಾಗುತ್ತದೆ. ಅಷ್ಟರಲ್ಲಿ ನಾನು ಗೂಡಿನ ಲೋಟಗಳನ್ನು ಕೆಳಗಿಳಿಸುತ್ತೇನೆ. ಎರಡು. ಆಮೇಲೆ ನಾಲ್ಕು ಏಟು. ನಾಲ್ಕನೆಯದು ತಡವಾಗಿ ಬೀಳುತ್ತದೆ. ಇನ್ನು ಬೀಳುವುದಿಲ್ಲ ಅಂದುಕೊಂಡಾಗ ಬೀಳುತ್ತದೆ, ಎದೆ ಧಸಕ್ಕೆನ್ನುತ್ತದೆ. ಮೂರು. ಆಮೇಲೆ ಐದೂ ಜನ ಒಟ್ಟಿಗೆ ನುಗ್ಗುತ್ತಾರೆ. ಕುಳಿತವರಿಗೆ ಕುಳಿತಿರಲು ಆಗುವುದಿಲ್ಲ. ನಾನೂ ಎದ್ದು ನಿಂತಿದ್ದೇನೆ, ಯಾಕೆಂದು ತಿಳಿಯದು. ನಾಲ್ಕು. ಹಾಡುವವನ ದನಿ, ಅನ್ಯಾಯವಾದವನು ಊರಿಗೆಲ್ಲ ಕೇಳಲಿ ಎಂದು ಕೂಗಿಕೊಂಡ ಹಾಗಿದೆ. ಇದನ್ನು ಕೂಡಲೇ ನಿಲ್ಲಿಸಬೇಕು.’”

ಸಾಹೇಬರು ಕಡತದಿಂದ ತಲೆಯೆತ್ತಿದರು.

ಇಪ್ಪತ್ತಾರು ವರ್ಷ ಗದ್ದಲಪ್ಪ ಯಾರ್ಯಾರಿಗೋ ಆ ಹಾಡಿನ ಬಗ್ಗೆ ಹೇಳಲು ಹೋಗಿ ‘ಸೂಪರ್ರು’ ಎಂದಷ್ಟೇ ಹೇಳಿ ಸೋತಿದ್ದ. ಹೆಂಡತಿ ಟೆರೇಸಿಗೆ ಹೋಗಿದ್ದಳು. ಬಾಮೈದ ನಕ್ಕಿದ್ದ. ಹಾಡಿದವನೇ ಚೀಟಿ ನೋಡಿಕೊಂಡಿದ್ದ. ಕೇಳಿಸಿಕೊಂಡವರು ಒಬ್ಬರೇ, ಅದೂ ಕೆಳಮನೆಯಿಂದ, ನಿಲ್ಲಿಸಬೇಕೆಂದು ಬೇಡಿಕೊಳ್ಳುತ್ತ. ಅವನಿಗೆ ಅಳು ಬಂತು. ಅಳುವುದಕ್ಕೆ ಕಾಲಂ ಇರಲಿಲ್ಲ, ಆದ್ದರಿಂದ ಬಚ್ಚಲಿಗೆ ನುಗ್ಗಿ ನೆನೆದ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, ಎರಡೂ ತಗಡಿನ ಟಬ್ಬು ಹೊತ್ತು ತಂದ.

“ಅಯ್ಯೋ, ನನ್ನ ಸೀರೆಗಳು!” ಹೆಂಡತಿ ಚೀರಿದಳು.

“ಬೀರು ಬಾಗಿಲು ಎಳಿ!” ಗದ್ದಲಪ್ಪ ಗರ್ಜಿಸಿದ. ಅವನ ಬಾಯಿಂದ ಅಂಥ ದನಿ ಆಕೆ ಕೇಳಿದ್ದೇ ಇಲ್ಲ. ಗಾಬರಿಯಲ್ಲಿ ಬೀರುವಿನ ತುಕ್ಕು ಹಿಡಿದ ಬಾಗಿಲು ಎಳೆದಳು. ಕ್ರ್‌ರ್‌ರ್ ಎಂದಿತು.

“ಒಂದು,” ಎಂದು ಸಾಹೇಬರು ಟಿಕ್ ಹಾಕಿದರು. “ನಲವತ್ತೊಂಬತ್ತು.”

ಗದ್ದಲಪ್ಪ ಲಟ್ಟಣಿಗೆ ಎತ್ತಿ ಟಬ್ಬಿಗೆ ಬಾರಿಸಿದ. ಢಣ್, ಢಣ್, ಢಣ್, ಢಣ್.

“ತಪ್ಪು!”

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನ ಮುಖ ಕೆಂಪಾಗಿತ್ತು. ತಪ್ಪು ಲೆಕ್ಕ ಕಂಡ ಹೆಡ್‌ಮಿಸ್ಸು ಸುಮ್ಮನಿರುವುದುಂಟೇ?

“ನಾಲ್ಕನೇದು ತಡವಾಗಿ ಅಂತ ಬರೆದಿದೀನಲ್ಲ! ಇಷ್ಟು ವರ್ಷ ಏನು ಕೇಳಿದೆ ನೀನು?” ಎಂದವರೇ ಒಳಗೆ ಬಂದರು. ಮೂಲೆಯ ಪೊರಕೆ ತಿರುಗಿಸಿ ಹಿಡಿದರು. ಎರಡನೇ ಟಬ್ಬಿಗೆ, ಢಣ್. ಢಣ್. ಢಣ್. ಕೈ ಎತ್ತಿ ನಿಂತರು. ಅಧ್ಯಕ್ಷರು ಉಸಿರು ಬಿಗಿಹಿಡಿದರು. ಇನ್ನು ಬೀಳುವುದಿಲ್ಲ ಅಂದುಕೊಂಡಾಗ, ಢಣ್!

ಸಾಹೇಬರ ಎದೆ ಧಸಕ್ಕೆಂದಿತು. ಪೆನ್ನು ಕೆಳಗೆ ಬಿತ್ತು.

“ಮೂರು! ಎಲ್ಲಾ ಒಟ್ಟಿಗೆ!” ಟೀಚರಮ್ಮ ಆಜ್ಞೆ ಮಾಡಿದರು. ಆ ದನಿಗೆ ಎದುರಾಡಿದವರಿಲ್ಲ. ಬಾಮೈದ ಮಂಚದ ಕೆಳಗಿನ ಟ್ರಂಕಿಗೆ ಗುದ್ದಿದ. ಅಧ್ಯಕ್ಷರು ಕಿಟಕಿಯ ಸರಳಿಗೆ ಬೀಗದ ಕೈಗೊಂಚಲು ಉಜ್ಜಿದರು. ಹೆಂಡತಿ ಇಪ್ಪತ್ತು ವರ್ಷದ ಸಿಟ್ಟನ್ನೆಲ್ಲ ಬೀರುವಿನ ಮೇಲೆ ತೀರಿಸಿಕೊಂಡಳು. ನಡುವೆ ನಿಂತ ಗದ್ದಲಪ್ಪ ಬಾಯಿ ತೆರೆದ. ದಿನಕ್ಕೆ ನಾನೂರು ಸಲ ಮೆಲ್ಲಗೆ ಕೇಳಿ ಕೇಳಿ ತುಕ್ಕು ಹಿಡಿದಿದ್ದ ಗಂಟಲಿನಿಂದ, ಅನ್ಯಾಯವಾದವನೊಬ್ಬ ಊರಿಗೆಲ್ಲ ಕೇಳಲಿ ಎಂದು ಕೂಗಿಕೊಂಡ: “ಸತ್ತ ಮೇಲೇ ಮಲಗೋಣಾ!”

ಸಾಹೇಬರು ಎದ್ದು ನಿಂತಿದ್ದರು. ಯಾಕೆಂದು ಅವರಿಗೂ ತಿಳಿಯಲಿಲ್ಲ.

“ತೊಂಬತ್ತಾರು!” ಎಂದರು, ಸದ್ದು ಅಡಗಿದ ಮೇಲೆ ಹಣೆ ಒರೆಸಿಕೊಳ್ಳುತ್ತ. “ನಾಲ್ಕಕ್ಕೆ ನಾಲ್ಕೂ ತಾಳೆ. ದೂರು ಅಪ್ಪಟ ನಿಜ ಕಣಮ್ಮಾ. ಹನ್ನೊಂದು ವರ್ಷ ಹೇಗೆ ತಡ್ಕೊಂಡ್ರಿ?”

ಟೀಚರಮ್ಮ ಏದುಸಿರು ಬಿಡುತ್ತ ಪೊರಕೆ ಮೂಲೆಗಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಗದ್ದಲಪ್ಪನತ್ತ ತಿರುಗಿ, “ಆ ಹಾಸಿಗೆ ವಿಷಯ ನಿಜಾನೇ ಏನಪ್ಪಾ?” ಎಂದು ಕೇಳಿದರು.

“ನಿಜ ಮೇಡಮ್.”

“ಥೂ, ಹಾಳಾದೋನು,” ಎಂದರು ಟೀಚರಮ್ಮ. ಆ ಎಂಟು ದಿನದಲ್ಲಿ ಗದ್ದಲಪ್ಪನಿಗೆ ಯಾರಾದರೂ ಹೇಳಿದ ಮೊದಲ ಸಮಾಧಾನದ ಮಾತು ಅದು.

ಸಾಹೇಬರು ಕೊನೆಯ ಕಾಲಂಗೆ ಬಂದಿದ್ದರು. “ಸದ್ದು ಮಾಡಿದವರು ಯಾರು? ಇವರೊಬ್ಬರೇ ಅಂತ ಬರೀಲಾ?”

“ಸುಳ್ಳು ಬರೀಬೇಡಿ,” ಎಂದರು ಟೀಚರಮ್ಮ. “ನನ್ನ ಹೆಸರೂ ಬರೀರಿ.”

“ಅಮ್ಮಾ, ದೂರು ಕೊಟ್ಟೋರೂ ನೀವೇ, ಸದ್ದು ಮಾಡಿದೋರೂ ನೀವೇ ಅಂದ್ರೆ ಕಡತ ಮುಚ್ಚೋಕಾಗಲ್ಲ. ಸ್ಪಷ್ಟೀಕರಣಕ್ಕೆ ಮೇಲಿನವರಿಗೆ ಹೋಗುತ್ತೆ. ಇನ್ನು ಹನ್ನೊಂದು ವರ್ಷ.”

“ಹೋಗ್ಲಿ. ದೂರು ನಿಜ ಅಂತ ಬರೆದಿದೀರಲ್ಲ, ನನಗೆ ಅಷ್ಟು ಸಾಕು.”

ಸಾಹೇಬರು ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಬರೆದು, ಕಡತ ಕಟ್ಟಿಕೊಂಡು ಮೆಟ್ಟಿಲಿಳಿದರು. ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಅಧ್ಯಕ್ಷರು ಪಂಪು ಮರೆತಿದ್ದರು.

ಮರುದಿನ ಗದ್ದಲಪ್ಪ ಎಂದಿನಂತೆ ನಾನೂರು ಸಲ “ಇದು ಸ್ಪಷ್ಟವಾ?” ಎಂದು ಕೇಳಿ, ದಣಿದು ಮನೆಗೆ ಬಂದು, ಗೋಡೆ ನೋಡುತ್ತ ಕುಳಿತ. ಹೆಂಡತಿ ಚಹಾ ತಂದಿಟ್ಟಳು. ಟಬ್ಬಿನಲ್ಲಿ ಸೀರೆ ಮತ್ತೆ ನೆನೆಯುತ್ತಿತ್ತು. ಗಡಿಯಾರ ಆರೂವರೆ ತೋರಿಸಿತು.

ನೆಲದ ಕೆಳಗಿನಿಂದ ಪೊರಕೆಯ ಸದ್ದು ಬಂತು. ಟಕ್. ಟಕ್. ಟಕ್.

ಗದ್ದಲಪ್ಪ ಚಹಾ ಲೋಟ ಹಿಡಿದುಕೊಂಡೇ ಕಾದ.

ಟಕ್.

ಹೆಂಡತಿ ಒಂದು ಮಾತೂ ಆಡದೆ ಟಬ್ಬಿನಿಂದ ಸೀರೆ ತೆಗೆದು ಬಕೆಟ್ಟಿಗೆ ಹಾಕಿ, ನೀರು ಚೆಲ್ಲಿ, ಟಬ್ಬು ಬೋರಲು ಹಾಕಿ ಅವನ ಮುಂದಿಟ್ಟಳು. ಲಟ್ಟಣಿಗೆಯನ್ನೂ ಕೊಟ್ಟಳು. ಈ ಸಲ ಟೆರೇಸಿಗೆ ಹೋಗಲಿಲ್ಲ, ಬೀರುವಿನ ಪಕ್ಕ ಹೋಗಿ ನಿಂತಳು. ಗದ್ದಲಪ್ಪ ನಾಲ್ಕು ಏಟು ಬಾರಿಸಿದ.

ಕೆಳಗಿನಿಂದ ಕಿಟಕಿ ತೆರೆದ ಸದ್ದಾಯಿತು. “ಇನ್ನೂ ಅವಸರ!” ಎಂದು ಟೀಚರಮ್ಮ ಕೂಗಿದರು. “ಮತ್ತೆ ಮೊದಲಿಂದ!”